ಮಳೆಗಾಲ ಪೂರ್ತಿ ಮನೆಯೊಳಗೇ ಇರುವ ಹಿರಿಯರು: ಮರೆವಿನ ಕಾಯಿಲೆ ಬರದಂತೆ ಏನು ಮಾಡಿಸಬಹುದು?

ತೋಟದಮನೆ:
ಕೊಡಗಿನ ನಾಪೋಕ್ಲು ಕಡೆ ತೋಟದ ಮನೆ. ಅಮ್ಮನಿಗೆ 71, ಅಪ್ಪನಿಗೆ 76. ಸದ್ಯಕ್ಕೆ ಇಬ್ಬರಿಗೂ ಮರೆವಿಲ್ಲ. ಅಪ್ಪನಿಗೆ ಬಿಪಿ ಇದೆ, ಕಿವಿ ಮಂದ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾಕಿಂಗ್ ನಿಂತೇ ಹೋಗುತ್ತದೆ. ಮಳೆ ಬಿಟ್ಟರೆ ಬೆಳಗ್ಗೆ ಆನೆ ಭಯ. ಮಾತ್ರೆ ಬಿಟ್ಟು ಬೇರೆ ದಾರಿ ಇದೆಯಾ? ಸುಡೊಕು, ಮೊಬೈಲಿನ ಮೆಮೊರಿ ಆಟ ಕೊಟ್ಟರೆ ಸಾಕಾ?

ಕಾಫಿಹೂ:
ಆಟದಿಂದ ಶುರು ಮಾಡಬೇಡಿ. ಸುಡೊಕು ಆಡಿದವರು ಮುಖ್ಯವಾಗಿ ಸುಡೊಕುವಿನಲ್ಲೇ ಚುರುಕಾಗುತ್ತಾರೆ. ನಿಮ್ಮ ಅಪ್ಪನ ವಿಷಯದಲ್ಲಿ ಮೊದಲು ನೋಡಬೇಕಾದ್ದು ಬಿಪಿ ಮತ್ತು ಕಿವಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರ ವರದಿಯಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಯ (ಡಿಮೆನ್ಷಿಯಾ) ಅಪಾಯ ಹೆಚ್ಚಿಸುವ 14 ಕಾರಣಗಳಲ್ಲಿ ಎರಡೂ ಇವೆ. ಹದಿನಾಲ್ಕೂ ಇಲ್ಲದಂತಾದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು 45% ತಪ್ಪಬಹುದು, ಇಲ್ಲವೇ ತಡವಾಗಿ ಬರಬಹುದು ಎಂಬುದು ಅವರ ಲೆಕ್ಕ. ಅದು ಊರಿಗೆಲ್ಲ ಸೇರಿಸಿದ ಲೆಕ್ಕ, ಒಬ್ಬರಿಗೆ ಕೊಡುವ ಗ್ಯಾರಂಟಿ ಅಲ್ಲ.

ಬಿಪಿ ಮಾತ್ರೆಯನ್ನು ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಮನೆಯಲ್ಲಿ ಅಳೆಯುವಾಗ ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಮೂತ್ರ ಮಾಡಿ ಬಂದಿರಬೇಕು. ಬೆನ್ನಿಗೆ ಆಧಾರ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂರಿಸಿ. ಬಿಪಿ ಯಂತ್ರದ ಪಟ್ಟಿ ಎದೆಯ ಮಟ್ಟಕ್ಕೆ, ಬರಿ ತೋಳಿಗೆ. ಸ್ವೆಟರ್ ಮೇಲೆ ಕಟ್ಟಬೇಡಿ. ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಜಾಸ್ತಿ ಬರುತ್ತದೆ. ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಏಳು ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ದಾಟಿದರೆ ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ.

ಕಿವಿಗೆ ಮೊದಲು ಗುಗ್ಗೆ ಕಟ್ಟಿದೆಯಾ ನೋಡಿಸಿ, ಆಮೇಲೆ ಆಡಿಯೊಮೆಟ್ರಿ, ಅಂದರೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ. ಬಿಸಿ ಎಣ್ಣೆ ಬಿಡಬೇಡಿ.

ಗದ್ದೆಬದು:
ವಾಕಿಂಗ್ ವಿಷಯ. ವಾರಕ್ಕೆ 150 ನಿಮಿಷ ಗುರಿ. ಜಗಲಿಯಲ್ಲೇ ದಿನಕ್ಕೆ ಹತ್ತು ನಿಮಿಷದ ಮೂರು ಸುತ್ತು, ಐದು ದಿನ ನಡೆದರೆ ಲೆಕ್ಕ ಸರಿಹೋಯಿತು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ. ವಾರಕ್ಕೆ ಎರಡು ದಿನ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತರಂತೆ ಎರಡು ಸಲ. ಮೂರು ದಿನ ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು. ಪ್ಲಾಸ್ಟಿಕ್ ಕುರ್ಚಿ ಬೇಡ, ಹಿಂದಕ್ಕೆ ಜಾರುತ್ತದೆ.

ನಮ್ಮ ಕಡೆ ಹೆಚ್ಚು ಜನ ಮರೆಯುವುದು ಅಂಗಳದ ಪಾಚಿ. ತಲೆಗೆ ಪೆಟ್ಟು ಕೂಡ ಆ 14ರಲ್ಲಿ ಒಂದು. ಮೇ ತಿಂಗಳಲ್ಲೇ ಬಾವಿಕಟ್ಟೆ, ಬಚ್ಚಲ ದಾರಿ, ಮೆಟ್ಟಿಲಿನ ಪಾಚಿ ಕೆರೆದು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ಮಳೆ ಹಿಡಿದ ಮೇಲೆ ಹಾಕಿದರೆ ತೊಳೆದು ಹೋಗುತ್ತದೆ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ, ರಾತ್ರಿಗೆ ಒಂದು ಸಣ್ಣ ಬಲ್ಬು.

ಕಾಫಿಹೂ:
ಪಾಚಿಯ ಮಾತು ನೂರಕ್ಕೆ ನೂರು ಸರಿ.

ಊಟದಲ್ಲಿ ಮಿದುಳಿಗೆಂದೇ ಒಂದು ಪದಾರ್ಥ ಇಲ್ಲ, ನಮ್ಮ ಕೊಡಗಿನ ಹುಳಿ ಕಾಚಂಪುಳಿಯೂ ಅಲ್ಲ. ಸೊಪ್ಪು, ಕಾಳು, ಮೀನು ಹೆಚ್ಚಲಿ; ಪಂದಿ ಕರಿ (ಹಂದಿ ಮಾಂಸದ ಸಾರು) ಹಬ್ಬಕ್ಕಿರಲಿ. ಉಪ್ಪು ತಲೆಗೆ ದಿನಕ್ಕೆ ಒಂದು ಟೀ ಚಮಚದೊಳಗೆ, ಉಪ್ಪಿನಕಾಯಿ, ಒಣಮೀನಿನದ್ದೂ ಸೇರಿ. ಕುಡಿತದ ವಿಷಯ ಬಿಡಿಸಿ ಹೇಳಲೇಬೇಕು: 60 ಮಿಲಿ ವಿಸ್ಕಿಯಲ್ಲಿ, ಅಂದರೆ ಒಂದು ಲಾರ್ಜ್‌ನಲ್ಲಿ, ಸುಮಾರು 20 ಗ್ರಾಂ ಮದ್ಯಸಾರ. ಅಪಾಯ ಎಂದು ವರದಿ ಗುರುತಿಸಿದ್ದು ವಾರಕ್ಕೆ 168 ಗ್ರಾಂ ಮೀರಿದ್ದನ್ನು, ಅಂದರೆ ಸುಮಾರು ಎಂಟು ಲಾರ್ಜ್. ದಿನಾ ಸಂಜೆ ಎರಡು ಹಾಕುವವರು ಗುರುವಾರದ ಹೊತ್ತಿಗೇ ಅಲ್ಲಿಗೆ ಮುಟ್ಟಿರುತ್ತಾರೆ. ಎಂಟರೊಳಗಿದ್ದರೆ ಕ್ಷೇಮ ಎಂದೂ ತಿಳಿಯಬೇಡಿ.

ತೋಟದಮನೆ:
ತುಂಬಾ ಉಪಕಾರ. ಅಪ್ಪನ ಹತ್ತಿರ ಕಿವಿಯ ಮೆಷಿನ್ ಇದೆ, ಆದರೆ ಪಾತ್ರೆ ಸದ್ದು ತಲೆಗೆ ಹೊಡೆಯುತ್ತದೆ ಅಂತ ಡ್ರಾಯರಿಗೆ ಹಾಕಿಬಿಟ್ಟಿದ್ದಾರೆ.

ಸದ್ದುಸಪ್ಪಳ:
ಅದು ಮೆಷಿನ್ ಕೆಟ್ಟದ್ದಲ್ಲ. ವರ್ಷಗಟ್ಟಲೆ ಆ ಸದ್ದು ಕೇಳದ ಮಿದುಳಿಗೆ ಅಭ್ಯಾಸ ತಪ್ಪಿದೆ. ಮೊದಲ ವಾರ ಟಿವಿ ಆರಿಸಿ, ಒಬ್ಬರ ಜೊತೆ ಮಾತಿಗೆ ಮಾತ್ರ, ದಿನಕ್ಕೆ ಒಂದೆರಡು ಗಂಟೆ. ವಾರ ವಾರ ಹೆಚ್ಚಿಸಿ, ಅಡುಗೆಮನೆ, ಮದುವೆ ಮನೆ ಕೊನೆಗೆ. ತಿಂಗಳಾದರೂ ಕಿರಿಕಿರಿ ಎಂದರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಸೆಟ್ಟಿಂಗ್ ಬದಲಿಸಿ.

ಕೊಡಗಿನ ಮಳೆಗಾಲದಲ್ಲಿ ಮೆಷಿನ್ ಹಾಳಾಗುವುದು ತೇವದಿಂದ. ರಾತ್ರಿ ಬ್ಯಾಟರಿ ತೆಗೆದು, ಅದರ ಬಾಗಿಲು ತೆರೆದಿಟ್ಟು, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡಿ. ಒಲೆ ಹತ್ತಿರ ಒಣಗಿಸಬೇಡಿ. ಹೊಸ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ. ತಕ್ಷಣ ಹಾಕಿದರೆ ಶಕ್ತಿ ಕಡಿಮೆ ಬರುತ್ತದೆ.

ಕಿವಿಯ ಮೆಷಿನ್‌ನಿಂದ ಬುದ್ಧಿಶಕ್ತಿ ಕುಗ್ಗುವುದು ನಿಧಾನವಾಗುತ್ತದೆಯೇ ಎಂದು ನೋಡಿದ, 2023ರಲ್ಲಿ ಪ್ರಕಟವಾದ ಅಚೀವ್ ಅಧ್ಯಯನದಲ್ಲಿ ಕಿವಿ ಮಂದವಾದ, 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಗಮನಿಸಿದರು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಗ್ಗುವ ವೇಗ 48% ತಗ್ಗಿತು. ಬಿಪಿ ಇರುವ 76ರ ಅಪ್ಪನಿಗೆ ಇದು ಪ್ರಯತ್ನಕ್ಕೆ ತಕ್ಕದ್ದು.

ಇನ್ನೊಂದು. ಮುಂದೆ ಮರೆವು ಕಂಡರೆ "ಅರವತ್ತಕ್ಕೆ ಅರಳುಮರಳು" ಎಂದು ಬಿಡಬೇಡಿ. ಬಿ12, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಅವು ಸರಿಪಡಿಸಬಹುದಾದ ಕಾರಣಗಳು. ಒಂದೆರಡು ದಿನದಲ್ಲೇ ದಿಕ್ಕು ತಪ್ಪಿ ಏನೇನೋ ಮಾತಾಡಿದರೆ ಅದು ಸೋಂಕೋ ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದದ್ದೋ ಇರಬಹುದು, ಮಳೆ ನಿಲ್ಲಲಿ ಎಂದು ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.