ಬಂಕ್‌ನ ಟ್ಯಾಂಕ್ ತೆಗೆದ ಗುಂಡಿ: ಮಣ್ಣನ್ನು ಎಲ್ಲಿಂದ ತೆಗೆದು ಯಾವ ಪರೀಕ್ಷೆಗೆ ಕೊಡಬೇಕು?

ಪ್ರಶ್ನೆ (ಜಮೀನಿನ ಮಾಲೀಕ, ಶಿರಾ ತಾಲ್ಲೂಕು)

ಹೆದ್ದಾರಿ ಪಕ್ಕದ ನಮ್ಮ ಜಮೀನನ್ನು ತಂದೆಯವರು 1990ರ ದಶಕದ ಆರಂಭದಲ್ಲಿ ಪೆಟ್ರೋಲ್ ಬಂಕ್‌ಗೆ ಗುತ್ತಿಗೆ ಕೊಟ್ಟಿದ್ದರು. ಈಗ ಗುತ್ತಿಗೆ ಮುಗಿದಿದ್ದು, ನೆಲದಡಿಯ ಪೆಟ್ರೋಲ್ ಮತ್ತು ಡೀಸೆಲ್ ಟ್ಯಾಂಕ್‌ಗಳನ್ನು ಕ್ರೇನ್‌ನಲ್ಲಿ ಎತ್ತಿ ಸಾಗಿಸಿದ್ದಾರೆ. ಡೀಸೆಲ್ ಟ್ಯಾಂಕ್ ಕುಳಿತಿದ್ದ ಕಡೆ ಮರಳು ಕಪ್ಪಾಗಿದೆ. ಬಿಸಿಲೇರಿದಂತೆ ವಾಸನೆಯೂ ಬರುತ್ತದೆ. ಅಗೆದು ಹಾಕಿದ ಮಣ್ಣನ್ನೇ ತಳ್ಳಿ ಗುಂಡಿ ಮುಚ್ಚುವುದಾಗಿ ಕೆಲಸದವರು ಹೇಳುತ್ತಿದ್ದಾರೆ. ಹತ್ತಿರದಲ್ಲೇ ನಮ್ಮ ಬೋರ್‌ವೆಲ್ ಇದೆ, ಮುಂದೆ ಅಲ್ಲಿ ಮನೆ ಕಟ್ಟುವ ಆಲೋಚನೆಯೂ ಇದೆ. ರೈತ ಸಂಪರ್ಕ ಕೇಂದ್ರದ ಮೂಲಕ ಮಣ್ಣು ಪರೀಕ್ಷೆ ಮಾಡಿಸಿದರೆ ಸಾಕೇ?

ಉತ್ತರ 1 (ಪರಿಸರ ಎಂಜಿನಿಯರ್)

ದಯವಿಟ್ಟು ಗುಂಡಿ ಮುಚ್ಚಲು ಬಿಡಬೇಡಿ. ಮುಚ್ಚಿದ ಮೇಲೆ ಅದೇ ಆಳದ ಮಣ್ಣು ಬೇಕೆಂದರೆ ಯಂತ್ರ ತರಿಸಿ ಕೊರೆಸಬೇಕಾಗುತ್ತದೆ. ಕೃಷಿ ಮಣ್ಣು ಪರೀಕ್ಷೆ ಸಾರಜನಕ, ರಂಜಕ, ಪೊಟ್ಯಾಷ್, ರಸಸಾರ ಮುಂತಾದವನ್ನು ನೋಡುತ್ತದೆಯೇ ಹೊರತು ಇಂಧನವನ್ನು ಹುಡುಕುವುದಿಲ್ಲ. ತಾವು ಕೇಳಬೇಕಾದದ್ದು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ (ಮಣ್ಣಿಗೆ ಸೇರಿದ ಇಂಧನದ ಒಟ್ಟು ಪ್ರಮಾಣ); ಪೆಟ್ರೋಲ್ ಇದ್ದ ಕಡೆ ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ಎಂಬ ಬೇಗ ಆವಿಯಾಗುವ ರಾಸಾಯನಿಕಗಳು; ಡೀಸೆಲ್ ಇದ್ದ ಕಡೆ ನ್ಯಾಫ್ತಲೀನ್ ಸೇರಿದಂತೆ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು. ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು 2000ದಲ್ಲಿ. ತಮ್ಮ ಬಂಕ್ ಅದಕ್ಕಿಂತ ಹಳೆಯದಾದ್ದರಿಂದ ಸೀಸವನ್ನೂ ಸೇರಿಸಿ.

ಟ್ಯಾಂಕ್ ಸುತ್ತ ತುಂಬಿದ ಮರಳನ್ನಷ್ಟೇ ಪರೀಕ್ಷೆಗೆ ಕೊಟ್ಟರೆ ಪ್ರಯೋಜನವಿಲ್ಲ. ಅದರ ಕೆಳಗಿನ ಮೂಲ ನೆಲದ ಮಣ್ಣು ಬೇಕು: ಪ್ರತಿ ಟ್ಯಾಂಕ್‌ನ ಎರಡೂ ತುದಿಗಳ ಅಡಿಯಿಂದ, ಗುಂಡಿಯ ನಾಲ್ಕು ಗೋಡೆಗಳಿಂದ, ಮತ್ತು ಮುಖ್ಯವಾಗಿ ಪೈಪ್‌ನ ಜೋಡಣೆಗಳು, ಲಾರಿಯಿಂದ ಇಂಧನ ಇಳಿಸುತ್ತಿದ್ದ ಬಾಯಿ ಹಾಗೂ ಪಂಪ್‌ಗಳು ನಿಂತಿದ್ದ ಜಾಗಗಳ ಅಡಿಯಿಂದ. ಎಷ್ಟೋ ಕಡೆ ಟ್ಯಾಂಕ್ ಗಟ್ಟಿಯಾಗಿದ್ದು, ಸೋರಿಕೆ ಪೈಪ್‌ನ ಜೋಡಣೆಯಲ್ಲೇ ಆಗಿರುತ್ತದೆ.

ಯಾರೂ ಗುಂಡಿಗೆ ಇಳಿಯಕೂಡದು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಜೆಸಿಬಿ ಬಕೆಟ್‌ನಲ್ಲಿ ಮಣ್ಣು ಮೇಲೆತ್ತಿಸಿ, ಬಕೆಟ್‌ಗೆ ತಾಗದ ನಡುಭಾಗದಿಂದ ಮಾದರಿ ತೆಗೆಯಿರಿ.

ಉತ್ತರ 2 (ಪ್ರಯೋಗಾಲಯದ ವಿಶ್ಲೇಷಕಿ)

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಹೊಲದ ಮಣ್ಣಿನಂತೆ ನಾಲ್ಕಾರು ಕಡೆಯ ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ ತಂದರೆ ಬೆಂಜೀನ್ ಹಾರಿಹೋಗಿರುತ್ತದೆ, ವರದಿ ಮಾತ್ರ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ. ಪ್ರತಿ ಜಾಗದ ಮಣ್ಣನ್ನು ಬೇರೆ ಬೇರೆ ಗಾಜಿನ ಬಾಟಲಿಯಲ್ಲಿ ಗಾಳಿಗೆ ಜಾಗವಿಲ್ಲದಂತೆ ಒತ್ತಿ ತುಂಬಿ, ಕೂಡಲೇ ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿ ಅಂದೇ ಕಳುಹಿಸುವುದು ಉತ್ತಮ. ಬೆಂಜೀನ್ ಹಾರಿಹೋಗದಂತೆ ಹಿಡಿದಿಡುವ ಮೆಥನಾಲ್ ಹಾಕಿದ ಬಾಟಲಿಗಳನ್ನು ಪ್ರಯೋಗಾಲಯವೇ ಕೊಟ್ಟರೆ ಇನ್ನೂ ಒಳ್ಳೆಯದು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂಬುದಷ್ಟೇ ಸಾಲದು; ಆ ಮಾನ್ಯತೆಯ ವ್ಯಾಪ್ತಿಯಲ್ಲಿ ಮಣ್ಣಿನಲ್ಲಿ ಈ ವಸ್ತುಗಳ ಪರೀಕ್ಷೆ ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಬೋರ್‌ವೆಲ್ ನೀರನ್ನೂ ಪರೀಕ್ಷಿಸಿ, ಫಲಿತಾಂಶ ಬರುವವರೆಗೆ ಕುಡಿಯಬೇಡಿ. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ತಮ್ಮ ಭಾಗದ ಬಂಡೆ ನೆಲದಲ್ಲಿ ನೀರು ಬಿರುಕುಗಳ ಜಾಡು ಹಿಡಿದು ಹರಿಯುವುದರಿಂದ, ದೂರವೊಂದನ್ನೇ ನಂಬಿ ಧೈರ್ಯದಿಂದಿರಲು ಆಗುವುದಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ವರದಿಯ ಅಂಕಿಗಳನ್ನು ಯಾವುದರೊಂದಿಗೆ ಹೋಲಿಸಬೇಕು? ಖರ್ಚು ಯಾರದು?

ಉತ್ತರ 1 (ಪರಿಸರ ಎಂಜಿನಿಯರ್)

ನೆದರ್‌ಲೆಂಡ್ಸ್‌ನ ಮಣ್ಣಿನ ಮಾಲಿನ್ಯ ಮಿತಿಗಳನ್ನು ನಮ್ಮಲ್ಲೂ ಬಳಸುವ ರೂಢಿಯಿದೆ. 2009ರ ಪಟ್ಟಿಯಂತೆ ಕಿಲೋ ಒಣ ಮಣ್ಣಿನಲ್ಲಿ ಬೆಂಜೀನ್ 1.1 ಮಿಲಿಗ್ರಾಂ, ಖನಿಜ ತೈಲ 5,000 ಮಿಲಿಗ್ರಾಂ ದಾಟಿದರೆ ಮಧ್ಯಪ್ರವೇಶ, ಅಂದರೆ ಮಣ್ಣಿನ ಶುದ್ಧೀಕರಣದಂಥ ಕ್ರಮ, ಬೇಕು. ಆದರೆ ಅವು ಶೇ. 10ರಷ್ಟು ಸಾವಯವ ಅಂಶವಿರುವ ಮಣ್ಣಿಗೆ ಲೆಕ್ಕ ಹಾಕಿದವು. ನಮ್ಮ ಕೆಂಪು ಮಣ್ಣಿನಲ್ಲಿ ಅದು ಬಹಳ ಕಡಿಮೆ, ಹಾಗಾಗಿ ಮಿತಿಯನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು.

ಮಾಲಿನ್ಯ ಮಾಡಿದವರೇ ವೆಚ್ಚ ಭರಿಸಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರ ವೆಲ್ಲೂರು ನಾಗರಿಕರ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಗುತ್ತಿಗೆ ಪಡೆದ ಕಂಪನಿಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾದರಿ ತೆಗೆಯುವಾಗ ಕಂಪನಿಯ ಪ್ರತಿನಿಧಿ ಎದುರಿಗಿರಲಿ, ಪ್ರತಿ ಜಾಗದ ಆಳ ಬರೆದಿಟ್ಟು ಫೋಟೊ ತೆಗೆಯಿರಿ. ಜಾಗ ಬಿಟ್ಟುಕೊಡುವ ಪತ್ರಕ್ಕೆ ವರದಿ ಕೈಸೇರುವ ಮುನ್ನ ಸಹಿ ಹಾಕಬೇಡಿ.

ಉತ್ತರ 2 (ಪ್ರಯೋಗಾಲಯದ ವಿಶ್ಲೇಷಕಿ)

ಅಲ್ಲಿಯವರೆಗೆ ಅಗೆದ ಮಣ್ಣನ್ನು ದಪ್ಪ ಟಾರ್ಪಾಲಿನ್ ಮೇಲೆ ಹಾಕಿಸಿ, ಮೇಲೂ ಹೊದಿಸಿ ಇಡಿ. ಮಳೆ ಬಿದ್ದರೆ ಅದರಲ್ಲಿರುವುದೆಲ್ಲ ಮತ್ತೆ ನೆಲಕ್ಕೇ ಇಳಿಯುತ್ತದೆ.