‘ಅದ್ಭುತ ಕಾದಂಬರಿ’ ಎಂದರೆ ಯಾವ ಕಾದಂಬರಿ?

ಹಾಸನದ ಸಾಲಗಾಮೆ ರಸ್ತೆಯ ಬದಿಯಲ್ಲಿರುವ ನಮ್ಮ ಮನೆಯ ಮುಂಗೋಣೆಗೆ ಭಾನುವಾರ ಬೆಳಗ್ಗೆ ಹೈಸ್ಕೂಲು ಮತ್ತು ಪಿಯುಸಿ ಓದುವ ಮಕ್ಕಳು ಪುಸ್ತಕ ಎರವಲು ಪಡೆಯಲು ಬರುತ್ತಾರೆ. ಅವರು ಹೆಚ್ಚಾಗಿ ಕೇಳುವುದು ಮಂತ್ರದಂಡ, ಶಾಪ, ರಕ್ತ ಹೀರುವ ರಾಜಕುಮಾರ, ಗೋಡೆಯೊಳಗಿಂದ ಬೇರೊಂದು ಲೋಕಕ್ಕೆ ತೆರೆಯುವ ಬಾಗಿಲು ಇಂಥವುಗಳಿರುವ ಕಾದಂಬರಿಗಳನ್ನು. ಇಂಗ್ಲಿಷಿನವೂ ಇವೆ, ಕನ್ನಡಕ್ಕೆ ಬಂದವೂ ಇವೆ. ಕಳೆದ ತಿಂಗಳು ಇವನ್ನೆಲ್ಲ ಒಂದೇ ಕಪಾಟಿಗೆ ಸೇರಿಸಿ, ರಟ್ಟಿನ ತುಂಡೊಂದರ ಮೇಲೆ ಸ್ಕೆಚ್ ಪೆನ್ನಿನಿಂದ ‘ಅದ್ಭುತ ಕಾದಂಬರಿಗಳು’ ಎಂದು ಬರೆದು ಅಂಟಿಸಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಓದಿ, ಪಕ್ಕದ ಕಪಾಟಿನ ಕಡೆಗೆ ಕೈ ತೋರಿಸಿ, “ಹಾಗಾದ್ರೆ ಇವೆಲ್ಲ ಸುಮಾರಾ ಸರ್?” ಎಂದ. ಪಕ್ಕದ ಕಪಾಟಿನಲ್ಲಿದ್ದುದು ನಾನು ನಲವತ್ತು ವರ್ಷಗಳಿಂದ ಕೂಡಿಸಿಟ್ಟ ಸಾಮಾಜಿಕ ಕಾದಂಬರಿಗಳು. ಆ ಹುಡುಗನ ಪ್ರಶ್ನೆಯಿಂದ ಎದ್ದ ಪದಗಳ ತೊಡಕನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ.

ನಾನು ಆ ಪದವನ್ನು ಆರಿಸಿದ್ದು ಕಾವ್ಯಮೀಮಾಂಸೆಯ ಬಲದಿಂದ. ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ ಎಂಟು ರಸಗಳಲ್ಲಿ ಅದ್ಭುತವೂ ಒಂದು. ಅದರ ಸ್ಥಾಯಿಭಾವ, ಅಂದರೆ ಆ ರಸಕ್ಕೆ ಆಧಾರವಾಗಿ ನೆಲೆನಿಂತ ಭಾವ, ವಿಸ್ಮಯ. ದಿವ್ಯರ ದರ್ಶನ, ಮಾಯೆ, ಇಂದ್ರಜಾಲ ಮೊದಲಾದವು ಆ ರಸ ಹುಟ್ಟಲು ಕಾರಣವೆಂದು ಅಲ್ಲಿಯೇ ಇದೆ. ಫ್ಯಾಂಟಸಿ ಎಂಬುದಕ್ಕೆ ಇದಕ್ಕಿಂತ ಒಪ್ಪವಾದ ವಿವರಣೆ ನನಗೆ ತೋರುವುದಿಲ್ಲ. ಆದರೆ ಈಗಿನ ಕನ್ನಡದಲ್ಲಿ ಊಟ ಅದ್ಭುತವಾಗಿರುತ್ತದೆ, ಬ್ಯಾಟಿಂಗ್ ಅದ್ಭುತವಾಗಿರುತ್ತದೆ, ಮದುವೆ ಮನೆಯ ಹೂವಿನ ಅಲಂಕಾರವೂ ಅದ್ಭುತವಾಗಿರುತ್ತದೆ. ಬಣ್ಣಿಸುತ್ತಿದ್ದ ಪದ ಮೆಚ್ಚುವ ಪದವಾಗಿ ಸವೆದುಹೋಗಿದೆ. ಆದ್ದರಿಂದ ‘ಅದ್ಭುತ ಕಾದಂಬರಿ’ ಎಂದಾಗ ಓದುಗನಿಗೆ ಕೇಳಿಸುವುದು ಬಗೆಯ ಹೆಸರಲ್ಲ, ಪ್ರಕಾಶಕರ ಹೊಗಳಿಕೆ.

ಇದೇ ಗತಿ ‘ಅಮಾನುಷ’ಕ್ಕೂ ಆಗಿದೆ. ಮನುಷ್ಯರಿಗೆ ಸೇರದ್ದು, ಮನುಷ್ಯರ ಅಳವನ್ನು ಮೀರಿದ್ದು ಎಂಬ ಅರ್ಥ ಅದಕ್ಕೆ ಇದ್ದೇ ಇದೆ. ಆದರೆ ಪತ್ರಿಕೆಗಳ ‘ಅಮಾನುಷ ಕೃತ್ಯ’ ಅದನ್ನು ಕ್ರೌರ್ಯಕ್ಕೆ ಕಟ್ಟಿಹಾಕಿಬಿಟ್ಟಿದೆ. ‘ಅಲೌಕಿಕ’ವನ್ನು ಆಧ್ಯಾತ್ಮದವರು ಒಯ್ದರು. ‘ಅತೀಂದ್ರಿಯ’ ಎಂದರೆ ದೂರದಲ್ಲಿರುವವರ ಮನಸ್ಸನ್ನು ಓದುವ ಶಕ್ತಿಯ ಕುರಿತ ಲೇಖನ ನೆನಪಾಗುತ್ತದೆ. ಉಳಿದದ್ದು ‘ಅತಿಮಾನುಷ’. ಈ ಪದ ತಪ್ಪಲ್ಲ, ಆದರೆ ಅದು ವ್ಯಕ್ತಿಯ ಶಕ್ತಿಯನ್ನು ಹೇಳುವಷ್ಟು ಚೆನ್ನಾಗಿ ಲೋಕದ ಸ್ವರೂಪವನ್ನು ಹೇಳುವುದಿಲ್ಲ. ಮಾತನಾಡುವ ಮರಗಳಿರುವ ಕಾಡಿನಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ದಾರಿ ತಪ್ಪಿ ಅಲೆಯುವ ಕಥೆಯಲ್ಲಿ ಅತಿಮಾನುಷರು ಯಾರೂ ಇಲ್ಲ. ಕಾಡೇ ಬೇರೆ ಬಗೆಯದು, ಅಷ್ಟೆ.

ಶಾಸ್ತ್ರದ ಪದಗಳನ್ನು ಬಿಟ್ಟು ಆಡುಮಾತಿಗೆ ಇಳಿದರೆ ತೊಡಕು ಇನ್ನೊಂದು ಬಗೆಯದು. ಅನುವಾದಕರು ಭೂತ, ದೆವ್ವ, ಪಿಶಾಚಿ, ಪ್ರೇತಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ನಡೆಯುತ್ತದೆ ಎಂಬಂತೆ ಬಳಸುತ್ತಾರೆ. ಹಾಸನ ಪೇಟೆಯಲ್ಲಿ ಇದು ನಡೆದೀತು. ಸಕಲೇಶಪುರ, ಮೂಡಿಗೆರೆಗಳ ಕಡೆಗೆ, ಘಟ್ಟದ ಅಂಚಿಗೆ ಹೋದರೆ ನಡೆಯುವುದಿಲ್ಲ. ಅಲ್ಲಿ ಕಾಫಿ ತೋಟದ ಮೂಲೆಯ ಮರದ ಬುಡದಲ್ಲಿ ಭೂತನ ಕಲ್ಲು ಇರುತ್ತದೆ, ವರ್ಷಕ್ಕೊಮ್ಮೆ ಅದಕ್ಕೆ ಕೋಳಿ ಕೊಡುವ ಮನೆತನಗಳಿವೆ. ಪಾಳುಬಂಗಲೆಯಿಂದ ಭೂತವನ್ನು ಓಡಿಸುವ ಅನುವಾದಿತ ಕಥೆಯೊಂದನ್ನು ನಾವು ಒಟ್ಟಿಗೆ ಓದುತ್ತಿದ್ದಾಗ ಮೂಡಿಗೆರೆ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿರುವ ಹುಡುಗನೊಬ್ಬ, “ಓಡಿಸಿದ್ರೆ ತೋಟ ಕಾಯೋರು ಯಾರು?” ಎಂದು ಬಹಳ ಗಂಭೀರವಾಗಿ ಕೇಳಿದ. ಅವನ ಕನ್ನಡದಲ್ಲಿ ಭೂತ ಕಾಯುವಂಥದ್ದು, ದೆವ್ವ ಮೆಟ್ಟಿಕೊಳ್ಳುವಂಥದ್ದು. ಎರಡನ್ನೂ ಕಲಸುವುದು ಕಾವಲುಗಾರನನ್ನೂ ಕಳ್ಳನನ್ನೂ ಒಂದೇ ಹೆಸರಿನಿಂದ ಕರೆದಂತೆ. ದೆವ್ವವೂ ಮೂಲದಲ್ಲಿ ದೈವದ ತದ್ಭವವೇ ಎಂಬುದನ್ನು ನೆನೆದರೆ ಪದಗಳ ಏರಿಳಿತ ಸೋಜಿಗವೆನಿಸುತ್ತದೆ: ತತ್ಸಮ ಗುಡಿಯೊಳಗೆ ಉಳಿಯಿತು, ತದ್ಭವ ಹುಣಿಸೆ ಮರ ಹತ್ತಿತು. ಹಳಬರು ಮುಸ್ಸಂಜೆಯಲ್ಲಿ ಈ ಯಾವ ಹೆಸರನ್ನೂ ಹಿಡಿಯದೆ ‘ಗಾಳಿ ಸೋಕಿದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅನುವಾದದಲ್ಲಿ ಈ ‘ಗಾಳಿ’ಯನ್ನು ಬಳಸಿದವರನ್ನು ನಾನು ಕಂಡಿಲ್ಲ. ಬಳಸಿದರೆ ಹೆದರಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬೇತಾಳದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಾಸನದಿಂದ ಬೇಲೂರಿನ ಕಡೆಗೆ ಹೋಗುವಾಗ ಸಿಗುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ 12ನೆಯ ಶತಮಾನದ ಆರಂಭದ ಹೊಯ್ಸಳ ಕಟ್ಟಡ. ಅಲ್ಲಿ ಕಾಳಿಯ ಗುಡಿಯ ಬಾಗಿಲಿಗೆ ಎರಡು ಬೇತಾಳಗಳು ಕಾವಲು ನಿಂತಿವೆ: ಒಂದೊಂದೇ ಎಣಿಸಬಹುದಾದ ಪಕ್ಕೆಲುಬು, ಬೆನ್ನಿಗೆ ಅಂಟಿದ ಹೊಟ್ಟೆ, ಕಿಸಿದ ಹಲ್ಲು. ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಮಬ್ಬು ಬೆಳಕಿನಲ್ಲಿ ಅವನ್ನು ಕಂಡ ಹುಡುಗಿಯೊಬ್ಬಳು “ಜಾಂಬಿ!” ಎಂದು ಕೂಗಿದಳು. ಯೋಚಿಸಿದರೆ ಅವಳು ಹೇಳಿದ್ದು ಪೂರ್ತಿ ತಪ್ಪಲ್ಲ. ಕಥೆಗಳ ಬೇತಾಳ ಹೆಣದೊಳಗೆ ಹೊಕ್ಕು ಅದನ್ನು ಆಡಿಸುವ ಜೀವ. ಆದರೆ ಜಾಂಬಿಗೆ ಮಾತಿಲ್ಲ, ಬುದ್ಧಿಯಿಲ್ಲ. ನಮ್ಮ ಬೇತಾಳವೋ ಹೆಗಲ ಮೇಲೆ ಕುಳಿತು ತರ್ಕದ ಪ್ರಶ್ನೆ ಕೇಳುತ್ತದೆ, ಗೊತ್ತಿದ್ದೂ ಉತ್ತರಿಸದಿದ್ದರೆ ತಲೆ ಸಿಡಿಯುತ್ತದೆ ಎನ್ನುತ್ತದೆ. ಹಾಗಾಗಿ ಜಾಂಬಿಗೆ ಬೇತಾಳವೆಂದು ಅನುವಾದಿಸಿದರೆ ಬೇತಾಳಕ್ಕೆ ಅವಮಾನವಾಗುತ್ತದೆಂದು ನನ್ನ ಅಭಿಪ್ರಾಯ. ಇಂಥ ಕಡೆ ಎರಡು ದಾರಿಗಳಿವೆ. ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವುದು ಒಂದು. ಇನ್ನೊಂದು, ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಇಂಗ್ಲಿಷ್ ಕವಿತೆಯ ಕೊಳಲುಗಾರನನ್ನು ‘ಕಿಂದರಿಜೋಗಿ’ಯಾಗಿಸಿದಂತೆ, ವಾದ್ಯವನ್ನೂ ವೇಷವನ್ನೂ ಬದಲಿಸಿ ಇಲ್ಲಿಯವನನ್ನಾಗಿಯೇ ಮಾಡಿಬಿಡುವುದು. ನಡುವಿನ ದಾರಿಯಲ್ಲಿ ‘ರಕ್ತಪಿಶಾಚಿ’, ‘ತೋಳಮಾನವ’ ಮೊದಲಾದವು ಸಿಗುತ್ತವೆ. ಅವನ್ನು ಮಕ್ಕಳು ಓದುತ್ತಾರೆ, ಬಾಯಲ್ಲಿ ಆಡುವುದಿಲ್ಲ.

ಇನ್ನು ಓದುಗರ ವಯಸ್ಸಿನ ಹೆಸರು. ‘ಯಂಗ್ ಅಡಲ್ಟ್’ ಎಂಬುದನ್ನು ಪದಕ್ಕೆ ಪದವಿಟ್ಟು ‘ಯುವ ವಯಸ್ಕ’ ಎಂದು ಬರೆದುದನ್ನು ನೋಡಿದ್ದೇನೆ. ವಯಸ್ಕ ಎಂದರೆ ಕನ್ನಡಿಗರಿಗೆ ನೆನಪಾಗುವುದು ರಾತ್ರಿ ಶಾಲೆಯ ವಯಸ್ಕರ ಶಿಕ್ಷಣ, ಇಲ್ಲವೇ ಸಿನಿಮಾ ಪೋಸ್ಟರಿನ ‘ವಯಸ್ಕರಿಗೆ ಮಾತ್ರ’. ಎರಡೂ ಇಲ್ಲಿ ಬೇಡ. ಹಿಂದಿ, ಬಂಗಾಳಿಗಳಲ್ಲಿ ರೂಢಿಯಲ್ಲಿರುವ ‘ಕಿಶೋರ’ ಕಿವಿಗೆ ಇಂಪಾದರೂ ನಮ್ಮಲ್ಲಿ ಅದು ವ್ಯಕ್ತಿಯ ಹೆಸರಾಗಿಯೇ ಹೆಚ್ಚು ಬಳಕೆಯಲ್ಲಿದೆ. (ಸಂಸ್ಕೃತದಲ್ಲಿ ಕಿಶೋರ ಎಂದರೆ ಕುದುರೆ ಮರಿ ಎಂಬ ಅರ್ಥವೂ ಇದೆ, ಪಿಯುಸಿ ಹುಡುಗರನ್ನು ಕಂಡವರು ಅದನ್ನು ಅಲ್ಲಗಳೆಯಲಾರರು.) ನನಗೆ ‘ಹದಿಹರೆಯ’ವೇ ಸರಿಯೆನಿಸುತ್ತದೆ. ಕನ್ನಡದ ಎಣಿಕೆಯನ್ನು ಗಮನಿಸಿ: ಹನ್ನೊಂದು, ಹನ್ನೆರಡುಗಳಲ್ಲಿ ‘ಹದಿ’ ಇಲ್ಲ, ಹದಿಮೂರರಿಂದ ಅದು ಬರುತ್ತದೆ, ಹದಿನೆಂಟರವರೆಗೆ ನಡೆಯುತ್ತದೆ, ಹತ್ತೊಂಬತ್ತಕ್ಕೆ ಬಿಟ್ಟುಹೋಗುತ್ತದೆ. ಇಂಗ್ಲಿಷಿನ ಎಣಿಕೆಯ ‘ಟೀನ್’ 19ರವರೆಗೆ ಎಳೆಯುತ್ತದೆ, ಆದರೆ ಅಲ್ಲಿಯ ಗ್ರಂಥಾಲಯದವರು ಇಂಥ ಪುಸ್ತಕಗಳನ್ನು 12ರಿಂದ 18ರವರೆಗಿನವರಿಗೆಂದು ಎಣಿಸುತ್ತಾರೆ. ಅಂದರೆ ನಮ್ಮ ‘ಹದಿ’ಯ ಕೊನೆಯ ಗೆರೆಯೂ ಅವರ ಕಪಾಟಿನ ಕೊನೆಯ ಗೆರೆಯೂ ಒಂದೇ. ಇರುವ ಒಂದು ಅಡ್ಡಿಯೆಂದರೆ, ಪತ್ರಿಕೆಗಳ ವೈದ್ಯಕೀಯ ಅಂಕಣಗಳಿಂದಾಗಿ ‘ಹದಿಹರೆಯದ’ ಎಂಬುದರ ಹಿಂದೆಯೇ ‘ಸಮಸ್ಯೆಗಳು’ ಎಂಬ ಪದ ಓಡಿಬರುತ್ತದೆ. ಮಕ್ಕಳಿಗೆ ಅದು ಹಿಡಿಸುವುದಿಲ್ಲ.

ಇಷ್ಟೆಲ್ಲ ತಡಕಾಡಿದ ಮೇಲೆ ‘ಕಾದಂಬರಿ’ ಎಂಬ ಪದದ ಮುಂದೆಯೇ ನಿಂತೆ. ನಾವು ಮತ್ತು ಮರಾಠಿಯವರು ಈ ಪ್ರಕಾರಕ್ಕೆ ಇಟ್ಟುಕೊಂಡಿರುವ ಹೆಸರು 7ನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ್ದು. ನಾಗವರ್ಮ ಅದನ್ನು ಕನ್ನಡದಲ್ಲಿ ಚಂಪುವಾಗಿಸಿದ. ಅದರ ನಾಯಕಿ ಗಂಧರ್ವ ಕನ್ಯೆ. ಕಥೆಯನ್ನು ಹೇಳುವುದು ಒಂದು ಗಿಳಿ. ಶಾಪದಿಂದ ಕುದುರೆಯಾದ ಗೆಳೆಯನಿದ್ದಾನೆ, ಭೂಮಿಯಲ್ಲಿ ರಾಜಕುಮಾರನಾಗಿ ಹುಟ್ಟಿದ ಚಂದ್ರನಿದ್ದಾನೆ, ಸತ್ತರೂ ಬಾಡದೆ ಉಳಿದು ಮತ್ತೆ ಉಸಿರಾಡುವ ದೇಹವಿದೆ. ಆ ರಾಜಕುಮಾರ ಚಂದ್ರಾಪೀಡ ಆರನೆಯ ವಯಸ್ಸಿನಲ್ಲಿ ವಿದ್ಯಾಗೃಹವನ್ನು ಹೊಕ್ಕು ಹದಿನಾರರಲ್ಲಿ ಹೊರಬರುತ್ತಾನೆ, ಕುದುರೆ ಏರುತ್ತಾನೆ. ಅವನ ನಿಜವಾದ ಕಥೆ ಅಲ್ಲಿಂದಲೇ ಮೊದಲು. ಹದಿಹರೆಯದವರ ಮಾಯಾಲೋಕದ ಕಥೆಯ ಹೆಸರನ್ನೇ ಇಡೀ ಪ್ರಕಾರಕ್ಕೆ ಇಟ್ಟುಕೊಂಡ ನಾವು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ 1899ರ ‘ಇಂದಿರಾಬಾಯಿ’ಯಿಂದ ಈಚೆಗೆ ಸಾಮಾಜಿಕ ಕಥೆಯನ್ನೇ ಬರಿಯ ‘ಕಾದಂಬರಿ’ ಎಂದು ಕರೆಯುವುದನ್ನು ರೂಢಿ ಮಾಡಿಕೊಂಡು, ಗಂಧರ್ವರು ಬಂದಾಗ ಮಾತ್ರ ವಿಶೇಷಣಕ್ಕಾಗಿ ನಿಘಂಟು ತೆರೆಯುತ್ತಿದ್ದೇವೆ. ನ್ಯಾಯವಾಗಿ ವಿಶೇಷಣ ಹಚ್ಚಬೇಕಾದದ್ದು ಪಕ್ಕದ ಕಪಾಟಿಗೆ.

ಆದರೂ ರಟ್ಟಿನ ಮೇಲೆ ಏನಾದರೂ ಬರೆಯಲೇಬೇಕು. ಸದ್ಯಕ್ಕೆ ನಾನು ‘ಮಾಯಾಕಾದಂಬರಿ’ಯ ಕಡೆಗೆ ವಾಲಿದ್ದೇನೆ. ಎರಡೂ ಸಂಸ್ಕೃತ ಪದಗಳಾದ್ದರಿಂದ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸವೆಂಬ ಆಕ್ಷೇಪ ಬರುವುದಿಲ್ಲ, ‘ಮಾಯಾಲೋಕ’, ‘ಮಾಯಾಜಿಂಕೆ’ಗಳಿಂದ ಕಿವಿಗೆ ಆಗಲೇ ಪರಿಚಯವಿದೆ, ವೇದಾಂತದ ಮಾಯೆ ಹದಿಹರೆಯದವರ ತಲೆಗೆ ಅಷ್ಟು ಬೇಗ ಬರುವುದೂ ಇಲ್ಲ. ಇದರ ಜೊತೆಗೆ ಇನ್ನೊಂದು ಪದ ನನ್ನನ್ನು ಕಾಡುತ್ತಿದೆ. ಮಲೆ ಮಾದೇಶ್ವರನ ಹಾಡುಗಳಲ್ಲಿ ಮಾದಪ್ಪ ‘ಮಾಯಕಾರ’. ನಮ್ಮ ಕಡೆಯ ಹಳಬರ ಬಾಯಲ್ಲಿ ‘ಅದೇನೋ ಮಾಯಕ’ ಎಂಬ ಮಾತು ಈಗಲೂ ಕೇಳಿಬರುತ್ತದೆ. ‘ಮಾಯಕದ ಕಥೆ’ ಎಂದರೆ ಓದುವವರಿಗೆ ಫ್ಯಾಂಟಸಿ ಎಂದು ಹೊಳೆಯುತ್ತದೆಯೇ, ಇಲ್ಲವೇ ಮೋಸದ ಕಥೆ ಎಂದು ಕೇಳಿಸುತ್ತದೆಯೇ? ನಿಮ್ಮ ನಿಮ್ಮ ಸೀಮೆಗಳಲ್ಲಿ ಈ ಪದ ಯಾವ ಅರ್ಥದಲ್ಲಿ ಬಳಕೆಯಲ್ಲಿದೆ, ಮತ್ತು ‘ಗಾಳಿ’ ಎಂಬುದನ್ನು ಈ ಅರ್ಥದಲ್ಲಿ ಬಹುವಚನದಲ್ಲಿ ಬಳಸುವುದುಂಟೇ, ಎಂಬ ಎರಡನ್ನು ತಿಳಿದವರು ದಯವಿಟ್ಟು ಉದಾಹರಣೆ ಸಹಿತ ಬರೆಯಬೇಕು.