ಹಿರೇಮಠ ಹೋಗಿ ಹಿರೇಮರ

ವಿಜಯಪುರದ ಗಾಂಧಿ ಚೌಕದ ಹತ್ತಿರ ನಮ್ಮ ಚಹಾದಂಗಡಿ. ಮೊನ್ನೆ ಸಂಜೆ ಬಸ್ಯಾ ಅಲ್ಲಿಗೆ ಒಂದು ಸಾಗವಾನಿ ಹಲಗೆ ಹೊತ್ತು ತಂದ. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ. 'ಹಿರೇಮರ' ಎಂದು ದಪ್ಪಗೆ ಬರೆದಿತ್ತು.

"ಮರದ ಮ್ಯಾಲೆ ಮರ ಅಂತ ಯಾಕ ಬರದಿಯೋ? ನೋಡಿದ್ರ ತಿಳಿಯಂಗಿಲ್ಲೇನು?" ಎಂದ ಗುರ್ಯಾ.

"ಮಠ ಲೇ ಅದು, ಹಿರೇಮಠ! ನಾಳೆ ಅವರ ಮನಿ ವಾಸ್ತುಶಾಂತಿ ಐತಿ."

ಎಲ್ಲರೂ ಬಗ್ಗಿ ನೋಡಿದೆವು. ಠ ಅಕ್ಷರದ ಹೊಟ್ಟೆಯೊಳಗೆ ಚುಕ್ಕೆ ಇರಲಿಲ್ಲ. ಅಷ್ಟೇ ಆಗಿದ್ದು.

ತಪ್ಪು ಸ್ಟೆನ್ಸಿಲ್ ಮಾಡಿಕೊಟ್ಟ ರೇಡಿಯಂ ಅಂಗಡಿಯದಲ್ಲ. (ವಿನೈಲ್ ಸ್ಟಿಕರ್‌ಗೆ ನಮ್ಮಲ್ಲಿ ರೇಡಿಯಂ ಅಂತಲೇ ಹೆಸರು, ಕತ್ತಲಲ್ಲಿ ಹೊಳೆಯದಿದ್ದರೂ.) ಅಲ್ಲಿನ ಪ್ಲಾಟರ್, ಅಂದರೆ ಸ್ಟಿಕರ್ ಕತ್ತರಿಸುವ ಯಂತ್ರ, ಚುಕ್ಕೆಯನ್ನು ನೀಟಾಗಿ ಕತ್ತರಿಸಿತ್ತು. ಸ್ಟೆನ್ಸಿಲ್ ಅಂದಮೇಲೆ ಅಕ್ಷರದ ಜಾಗ ಖಾಲಿ ಆಗಬೇಕು, ಸುತ್ತಲಿನದು ಉಳಿಯಬೇಕು. ಕತ್ತರಿಸಿದ ಅಕ್ಷರಗಳನ್ನು ಸೂಜಿಯಿಂದ ಕೀಳುವಾಗ ಕಡಲೆಬೇಳೆಯಷ್ಟಿದ್ದ ಆ ಚೂರನ್ನು ಬಸ್ಯಾ ಮರೆತಿದ್ದ.

"ಬೋರ್ಡಿನ್ಯಾಗ 60 ಪರ್ಸೆಂಟ್ ಕನ್ನಡ ಇರಬೇಕಂತ 2024ರಾಗ ಕಾಯ್ದೆ ತಿದ್ದ್ಯಾರ. ಚುಕ್ಕಿ ಇಲ್ಲದ ಠ ಎಷ್ಟು ಪರ್ಸೆಂಟ್ ಆಗ್ತದೋ?" ಗುರ್ಯಾ ಬಿಡಲೊಲ್ಲ.

ಅಷ್ಟರಲ್ಲಿ ಪೇಂಟರ್ ಕಾಕಾ ಬಂದರು. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತಲ್ಲ, ಆಗ ಬ್ರಶ್ ಕೆಳಗಿಡಲಿಕ್ಕೂ ಪುರುಸೊತ್ತು ಇರಲಿಲ್ಲ ಎಂದು ಈಗಲೂ ಹೇಳುತ್ತಾರೆ. ಈ ಕಥೆಗೆ ಒಂದು ಚಹಾ ಖರ್ಚು. ತರಿಸಿಕೊಟ್ಟೆವು.

ಕಾಕಾ ಕನ್ನಡಕ ಏರಿಸಿ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. "ಚುಕ್ಕಿ ಬಿಡು. ಈ ಅಂಚಿಗೆ ಇರುವೆ ಕಾಲು ಯಾಕ ಬಂದಾವ?"

ನಿಜ. 'ಹಿ' ಅಕ್ಷರದ ಸುತ್ತ ಬಿಳಿ ಬಣ್ಣ ಸಣ್ಣ ಸಣ್ಣ ಎಳೆಯಾಗಿ ಒಳಗೆ ನುಗ್ಗಿತ್ತು.

"ಬಣ್ಣ ದಪ್ಪ ಹಚ್ಚಿದೆ ಕಾಕಾ. ಒಂದ ಕೋಟಿನ್ಯಾಗ ಮುಗೀಲಿ ಅಂತ."

"ಸ್ಪಂಜಿಲೆ ತೆಳ್ಳಗ ಬಡೀಬೇಕಪಾ. ಅದಕ್ಕೂ ಮೊದಲ, ಸ್ಟೆನ್ಸಿಲ್ ಅಂಟಿಸಿದ ಮ್ಯಾಲೆ ಮತ್ತೊಮ್ಮೆ ಹಸಿರು ಬಣ್ಣನ ಹಚ್ಚು."

"ಹಸಿರ ಮ್ಯಾಲೆ ಹಸಿರಾ? ಯಾರಿಗೆ ಕಾಣಬೇಕು?"

"ಕಾಣಬಾರದಂತನ ಹಚ್ಚೂದು. ಅಂಚಿನ ಕೆಳಗ ಹೋಗೂದಿದ್ರ ಹಸಿರ ಹೋಗಿ ಸಂದಿ ಮುಚ್ಚತೈತಿ. ಅದು ಒಣಗಿದ ಮ್ಯಾಲೆ ಬಿಳಿ. ಬಿಳಿಗೆ ಒಳಗ ಹೋಗಾಕ ದಾರಿನ ಇರೂದಿಲ್ಲ."

ಇದನ್ನು ಕೇಳಿ ನಾನು ಚಹಾ ಕುಡಿಯುವುದನ್ನೇ ಮರೆತೆ. ಇಷ್ಟು ಸರಳ ಉಪಾಯ ಗೊತ್ತಿಲ್ಲದೆ ನಮ್ಮ ಮನೆಯ ನಂಬರ್ ಪ್ಲೇಟ್ ಕೆಡಿಸಿಕೊಂಡವನು ನಾನು.

ಬಸ್ಯಾನ ಉಳಿದ ಪಾಪಗಳೂ ಒಂದೊಂದಾಗಿ ಹೊರಬಿದ್ದವು. ರಾತ್ರಿ ಹಸಿರು ಆಯಿಲ್ ಪೇಂಟ್ ಹಚ್ಚಿ ಬೆಳಿಗ್ಗೆಯೇ ಸ್ಟೆನ್ಸಿಲ್ ಅಂಟಿಸಿದ್ದ. ನಮ್ಮೂರ ಬಿಸಿಲಿಗೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯೇ. ಸ್ಟೆನ್ಸಿಲ್ ಎಳೆದಾಗ 'ಮ' ಪಕ್ಕದ ಹಸಿರು ಅದರ ಜೊತೆಯೇ ಎದ್ದು ಬಂದಿತ್ತು. ಮೇಲಿನ ಬಿಳಿಯದು ತಿರುಗುಮುರುಗು. ಅದು ಪೂರ್ತಿ ಒಣಗುವವರೆಗೆ ಕಾದರೆ ಅಂಚು ಹರಿಯುತ್ತದೆ. ಕೊನೆಯ ಕೋಟು ಇನ್ನೂ ಅಂಟಂಟು ಇರುವಾಗಲೇ, ಸ್ಟೆನ್ಸಿಲನ್ನು ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆಯಬೇಕು.

"ಅಂಟಿಸುವಾಗ ಬಿಜಾಗರಿ ಮಾಡಿದ್ದಿಯೇನು?"

"ಬೋರ್ಡಿಗೆ ಯಾಕ್ರಿ ಬಿಜಾಗರಿ?"

ಕಾಕಾ ಹಣೆ ಚಚ್ಚಿಕೊಂಡರು. ಅಳತೆ ನೋಡಿ ಇಟ್ಟು, ನಟ್ಟನಡುವೆ ಮೇಲಿಂದ ಕೆಳಗೆ ಒಂದು ಮಾಸ್ಕಿಂಗ್ ಟೇಪ್ ಹಾಕಬೇಕಂತೆ. ಅದೇ ಬಿಜಾಗರಿ. ಒಂದು ಕಡೆ ಎತ್ತಿ, ಹಿಂದಿನ ಕಾಗದ ಅರ್ಧ ಕತ್ತರಿಸಿ ತೆಗೆದು, ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಹೊರಗೆ ತೀಡುತ್ತಾ ಅಂಟಿಸುವುದು. ಆಮೇಲೆ ಟೇಪ್ ಕಿತ್ತು ಇನ್ನರ್ಧ. ಸೊಟ್ಟ ಆಗಲಿಕ್ಕೆ ಜಾಗವೇ ಇಲ್ಲ. ಬಸ್ಯಾ ಪೂರ್ತಿ ಕಾಗದ ಒಮ್ಮೆಲೇ ಕಿತ್ತಿದ್ದ. ಮೊದಲ ಸ್ಟೆನ್ಸಿಲ್ ಅಂಗಿ ತೋಳಿಗೆ ಹತ್ತಿ, ಇನ್ನೊಂದು ಕಟಿಂಗ್ ಮಾಡಿಸಿ, ಒಟ್ಟು ಮೂರು ತಾಸು ಹೋಗಿತ್ತು.

"ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳತೈತಿ. ನಿನಗ ಏಳು ಸಲ ಕೂಗಿದ್ರೂ ಒಮ್ಮಿ ಕೇಳಂಗಿಲ್ಲ" ಎಂದು ಬೈಯುತ್ತಲೇ ಕಾಕಾ ಬಿಳಿ ಬಣ್ಣ ಕೇಳಿದರು. ಬ್ರಶ್‌ನ ಹಿಡಿಕೆಯ ತುದಿ ಬಣ್ಣಕ್ಕೆ ಮುಟ್ಟಿಸಿ, ಉಸಿರು ಬಿಗಿಹಿಡಿದು, ರ ಹೊಟ್ಟೆಯ ನಡುವೆ ಒಮ್ಮೆ ಮಾತ್ರ ಒತ್ತಿ ಎತ್ತಿದರು. ದುಂಡನೆಯ ಚುಕ್ಕೆ. ಮರ ಮಠವಾಯಿತು.

"ಒಂದ ತಾಸು ಮುಟ್ಟಬ್ಯಾಡ" ಎಂದರು.

"ಮುಟ್ಟಂಗಿಲ್ರಿ ಕಾಕಾ!" ಬಸ್ಯಾನಿಗೆ ಖುಷಿಯೋ ಖುಷಿ. ಎಲ್ಲರಿಗೂ ಕಾಣಲಿ ಅಂತ ಹಲಗೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಮೇಲೆತ್ತಿದ.

ಗುರ್ಯಾ ಜೋರಾಗಿ ಓದಿದ. "ಹಿರೇಮರ."

ಚುಕ್ಕೆ ಬಸ್ಯಾನ ಹೆಬ್ಬೆರಳ ಮೇಲಿತ್ತು.